ಕಸ್ತೂರಿರಂಗನ್ ವರದಿ: ಆರು ಕರಡು ಬಂದರೂ ಬಿಡಿಸಲಾಗದ ಗಂಟು

ಮಲೆನಾಡಿನಲ್ಲಿ ಗುಡ್ಡ ಕುಸಿದಾಗಲೆಲ್ಲ, ಪಶ್ಚಿಮ ಘಟ್ಟವನ್ನು ಉಳಿಸಲು ಕೇಂದ್ರ ಮಾಡಿಸಿದ ಕಸ್ತೂರಿರಂಗನ್ ವರದಿಯ ಮಾತು ಏಳುತ್ತದೆ. ಜಾರಿ ಮಾಡಿ ಅಂತ ಪೇಟೆಯಿಂದ ಒಂದು ಕೂಗು, ಬೇಡವೇ ಬೇಡ ಅಂತ ಘಟ್ಟದಿಂದ ಇನ್ನೊಂದು. ನಡುವೆ ಅದಕ್ಕಿಂತ ಮೊದಲು ಬಂದ ಗಾಡ್ಗೀಳ್ ವರದಿಯ ಹೆಸರೂ ಸೇರಿಕೊಳ್ಳುತ್ತದೆ. ಯಾವ ವರದಿಯಲ್ಲಿ ಏನಿದೆ ಅನ್ನೋದು ಮಾತ್ರ ತುಂಬ ಜನರಿಗೆ ಗೊತ್ತಿಲ್ಲ.

ಪಶ್ಚಿಮ ಘಟ್ಟ ಅಂದರೆ ತಪತಿ ನದಿಯಿಂದ ಕನ್ಯಾಕುಮಾರಿವರೆಗೆ ಸುಮಾರು 1,600 ಕಿ.ಮೀ., ಆರು ರಾಜ್ಯ. ಗೋದಾವರಿ, ಕೃಷ್ಣಾ, ಕಾವೇರಿ ಮೂರೂ ಹುಟ್ಟೋದು ಈ ಘಟ್ಟದಲ್ಲೇ. ಬ್ರಿಟಿಷರ ಕಾಲದಲ್ಲಿ ತೇಗ ಹೋಯಿತು, ಕಾಫಿ ಟೀ ತೋಟ ಬಂತು, ಸ್ವಾತಂತ್ರ್ಯದ ನಂತರ ಅಣೆಕಟ್ಟು, ಗಣಿ, ಹೆದ್ದಾರಿ.

2010ರಲ್ಲಿ ಕೇಂದ್ರ ಸರ್ಕಾರ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ನೇತೃತ್ವದಲ್ಲಿ ಸಮಿತಿ ಮಾಡಿತು. 2011ರ ಆಗಸ್ಟ್‌ನಲ್ಲಿ ವರದಿ ಸಲ್ಲಿಕೆಯಾಯಿತು. ಇಡೀ ಘಟ್ಟವನ್ನೇ ಪರಿಸರದ ದೃಷ್ಟಿಯಿಂದ ಸೂಕ್ಷ್ಮ ಅಂತ ಪರಿಗಣಿಸಿ ಮೂರು ವಲಯ ಮಾಡಬೇಕು, ಆದರೆ ಕೊನೆಯ ತೀರ್ಮಾನಕ್ಕೆ ಮೊದಲು ಗ್ರಾಮಸಭೆಗಳನ್ನು ಕೇಳಬೇಕು ಅನ್ನೋದು ಅದರ ತಿರುಳು. ಆ ಎರಡನೆಯ ಮಾತನ್ನು ಇವತ್ತು ಯಾರೂ ನೆನೆಸಿಕೊಳ್ಳುವುದಿಲ್ಲ. ವರದಿಯೇ ತಿಂಗಳುಗಟ್ಟಲೆ ಹೊರಗೆ ಬರಲಿಲ್ಲ, ಮಾಹಿತಿ ಹಕ್ಕಿನಡಿ ಹೋರಾಡಿದ ಮೇಲೆ 2012ರಲ್ಲಿ ಜನರ ಕೈಗೆ ಸಿಕ್ಕಿತು.

ಅಷ್ಟರಲ್ಲಿ ರಾಜ್ಯಗಳ ವಿರೋಧ ಎದ್ದಿತ್ತು. ಅದೇ ವರ್ಷ ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್ ನೇತೃತ್ವದ ಇನ್ನೊಂದು ತಂಡ ಬಂತು. 2013ರ ಏಪ್ರಿಲ್‌ನಲ್ಲಿ ಅದು ಕೊಟ್ಟ ವರದಿ ಮೊದಲಿನದಕ್ಕಿಂತ ಬಹಳ ಮೆದು. ಘಟ್ಟದ ಶೇ. 37ರಷ್ಟು, ಅಂದರೆ ಸುಮಾರು 60,000 ಚದರ ಕಿ.ಮೀ. ಮಾತ್ರ ಸೂಕ್ಷ್ಮ ಪ್ರದೇಶ. ಕರ್ನಾಟಕದ ಪಾಲು 20,668 ಚದರ ಕಿ.ಮೀ., ಎಲ್ಲ ರಾಜ್ಯಗಳಿಗಿಂತ ಜಾಸ್ತಿ.

ಗಂಟು ಬಿದ್ದಿದ್ದು ಇಲ್ಲಿಂದ. ಗುರುತಿಸಿದ್ದು ಉಪಗ್ರಹ ಚಿತ್ರ ನೋಡಿ. ಅಳತೆಗೆ ಹಿಡಿದದ್ದು ಹಳ್ಳಿಯನ್ನು. ಒಂದು ಹಳ್ಳಿಯ ಶೇ. 20ರಷ್ಟು ಜಾಗ ಸೂಕ್ಷ್ಮ ಅಂತ ಕಂಡರೂ ಇಡೀ ಹಳ್ಳಿ ಪಟ್ಟಿಗೆ ಸೇರುತ್ತದೆ, ಹಾಗಾಗಿ ಅಡಿಕೆ ತೋಟ, ಗದ್ದೆ, ಮನೆ, ಶಾಲೆ, ಬಸ್‌ಸ್ಟ್ಯಾಂಡ್ ಎಲ್ಲ ಒಳಗೆ. ನಮ್ಮ ರಾಜ್ಯದಲ್ಲೇ ಹೀಗೆ ಸಾವಿರದ ಐನೂರಕ್ಕೂ ಹೆಚ್ಚು ಹಳ್ಳಿಗಳು. ಮೂಲ ವರದಿ ಇಂಗ್ಲಿಷಿನಲ್ಲಿತ್ತು. ಊರೂರಿಗೆ ಬಂದದ್ದು ಗಾಳಿಮಾತು. ದನ ಸಾಕುವಂತಿಲ್ಲ, ಮನೆ ರಿಪೇರಿ ಮಾಡುವಂತಿಲ್ಲ, ಒಕ್ಕಲೆಬ್ಬಿಸುತ್ತಾರೆ ಅಂತೆಲ್ಲ. ನಿಜಕ್ಕೂ ವರದಿ ಬೇಡ ಅಂದದ್ದು ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ತೀರಾ ಮಾಲಿನ್ಯದ ಹೊಸ ಕಾರ್ಖಾನೆ, 20,000 ಚದರ ಮೀಟರ್ ಮೀರಿದ ಕಟ್ಟಡ ಇಂಥವನ್ನು. ಅಷ್ಟು ದೊಡ್ಡ ಕಟ್ಟಡವನ್ನು ಯಾವ ಅಡಿಕೆ ಬೆಳೆಗಾರ ಕಟ್ಟುತ್ತಾನೆ? ಜಮೀನಿನ ಮಾಲೀಕತ್ವಕ್ಕೂ ಬೇಸಾಯಕ್ಕೂ ಅದರಲ್ಲಿ ತಡೆ ಇರಲಿಲ್ಲ.

ಹಾಗಂತ ಜನರ ಭಯವನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಲಿಂಗನಮಕ್ಕಿ ಅಣೆಕಟ್ಟಿಗೆ ನೆಲ ಬಿಟ್ಟುಕೊಟ್ಟ ಶರಾವತಿ ಮುಳುಗಡೆ ಕುಟುಂಬಗಳ ಹಕ್ಕುಪತ್ರದ ಗೋಳು ಅರವತ್ತು ವರ್ಷವಾದರೂ ಮುಗಿದಿಲ್ಲ. ಬಗರ್‌ಹುಕುಂ ಅರ್ಜಿ, ಡೀಮ್ಡ್ ಫಾರೆಸ್ಟ್ (ಅರಣ್ಯ ಅಂತ ಪರಿಗಣಿಸಿದ ಜಾಗ) ತಕರಾರು ಅಂತ ಕಚೇರಿ ಅಲೆದವರಿಗೆ ಇನ್ನೊಂದು ಗಡಿರೇಖೆ ಅಂದರೆ ಹೆದರಿಕೆ ಆಗೇ ಆಗುತ್ತದೆ, ಅಲ್ವಾ? ಕೂತು ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತಿತ್ತು.

2014ರಲ್ಲಿ, ಈ ಪ್ರದೇಶವನ್ನು ಸೂಕ್ಷ್ಮ ಅಂತ ಘೋಷಿಸುವ ಕೇಂದ್ರದ ಮೊದಲ ಕರಡು ಅಧಿಸೂಚನೆ ಬಂತು. ಆಕ್ಷೇಪಣೆ ಬಂದವು, ಅವಧಿ ಮುಗಿಯಿತು, ಮತ್ತೆ ಕರಡು. 2018ರಲ್ಲಿ ಕೊಡಗು ಕುಸಿಯಿತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ತಿಂಗಳ ಕೊನೆಗೆ ವಯನಾಡು. ಅದರ ಮರುದಿನವೇ ಆರನೇ ಕರಡು ಹೊರಬಂತು. ಆ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಂಪುಟ ವರದಿಯನ್ನು ತಿರಸ್ಕರಿಸಿತು.

ಪಕ್ಕದ ಕೇರಳ ಬೇರೆ ದಾರಿ ಹಿಡಿದಿತ್ತು. ಅಲ್ಲಿ ವಿರೋಧ ನಮಗಿಂತ ಜೋರಾಗಿತ್ತು. ಆದರೂ ಅವರು ಸ್ಥಳ ಪರಿಶೀಲನೆ ಮಾಡಿಸಿ, ಜನವಸತಿ ಮತ್ತು ತೋಟಗಳನ್ನು ಬಿಡಿಸಿ, 13,108 ಚದರ ಕಿ.ಮೀ.ಯನ್ನು 9,993ಕ್ಕೆ ಇಳಿಸಿಕೊಂಡರು. ಕೇಂದ್ರ ಒಪ್ಪಿತು. ಅದು ಪೂರ್ತಿ ಸರಿ ಅಂತ ನಾನು ಹೇಳುವುದಿಲ್ಲ, ಬಿಟ್ಟ ಜಾಗದಲ್ಲೂ ಕಡಿದಾದ ಇಳಿಜಾರುಗಳಿವೆ. ಆದರೆ ಇಡೀ ಹಳ್ಳಿ ಅನ್ನುವ ಅಳತೆಯನ್ನು ಸಡಿಲಿಸಬಹುದು ಅನ್ನೋದು ಅಲ್ಲಿ ಸಾಬೀತಾಯಿತು. ತೀರ್ಥಹಳ್ಳಿ, ಶೃಂಗೇರಿ, ಜೋಯಿಡಾದ ಪಂಚಾಯಿತಿಗಳಲ್ಲಿ ಸರ್ವೆ ನಂಬರ್ ಹಿಡಿದು, ಊರಿನವರನ್ನೇ ಜೊತೆಗೆ ಕರೆದುಕೊಂಡು ಆ ಕೆಲಸವನ್ನು ಈಗಲೂ ಶುರು ಮಾಡಬಹುದು.