ಬಿರೆಫ್ಟ್: ದುಃಖದ ಮನೆಯಲ್ಲೊಬ್ಬ ಕಳ್ಳ

ಇಂಗ್ಲಿಷಿನ ‘ಬಿರೆಫ್ಟ್’ ಪದಕ್ಕೆ ‘ರಹಿತ’ ಎಂದಷ್ಟೇ ಅರ್ಥ ಹಚ್ಚಿಕೊಂಡರೆ ಎಡವುತ್ತೇವೆ. ಸಕ್ಕರೆ ಹಾಕದ ಕಾಫಿ ಬಿರೆಫ್ಟ್ ಅಲ್ಲ. ಮೊದಲು ಇದ್ದದ್ದು ಈಗ ಇಲ್ಲವಾಗಿರಬೇಕು, ಅದೂ ಯಾರೋ ಕಿತ್ತುಕೊಂಡು ಹೋದ ಹಾಗೆ.

ಈ ಕಿತ್ತುಕೊಳ್ಳುವಿಕೆ ಪದದ ಹುಟ್ಟಿನಲ್ಲೇ ಇದೆ. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲ ಕ್ರಿಯಾಪದಕ್ಕೆ ದೋಚುವುದು ಎಂದೇ ಅರ್ಥ. ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯಲ್ಲಿ 17ನೆಯ ಶತಮಾನದ ಆರಂಭದವರೆಗೂ ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ‘ರೀವರ್’ಗಳು ಎನ್ನುತ್ತಿದ್ದರು. ನಮ್ಮ ವೀರಗಲ್ಲುಗಳಲ್ಲಿ ಬರುವ ತುರುಗಳ್ಳರಿಗೆ ಕಸುಬಿನಲ್ಲಿ ದಾಯಾದಿಗಳು! ‘ರಾಬ್’ ಕೂಡ ಇದೇ ಕುಲದ್ದು. ನಿಲುವಂಗಿಯ ‘ರೋಬ್’ ಸಹ ಮೊದಲಿಗೆ ಸೋತವನ ಮೈಯಿಂದ ಬಿಚ್ಚಿಕೊಂಡ ಕೊಳ್ಳೆಯ ಬಟ್ಟೆ.

ಭಾಷಾವಿಜ್ಞಾನಿಗಳು ಈ ಬೇರನ್ನು ಸಂಸ್ಕೃತದ ‘ಲುಪ್’ (ಕಸಿದುಕೊಳ್ಳು, ಇಲ್ಲವಾಗಿಸು) ಧಾತುವಿನವರೆಗೆ ಒಯ್ಯುತ್ತಾರೆ. ‘ಸಪ್ತ’ದ ಪಕಾರ ಜರ್ಮನ್ನಿನ ‘ಜೀಬೆನ್’ನಲ್ಲಿ ಬಕಾರವಾಗಿದೆ, ಇಂಗ್ಲಿಷಿನ ‘ಸೆವೆನ್’ನಲ್ಲಿ ವಕಾರ. ‘ಲುಪ್’ನ ಪಕಾರದ ಕಥೆಯೂ ಅದೇ: ದೋಚುವುದಕ್ಕೆ ಅಲ್ಲಿ ‘ರೌಬೆನ್’, ಇಲ್ಲಿ ‘ರೀವ್’. ಇನ್ನು ರಕಾರ ಲಕಾರಗಳ ಅದಲುಬದಲು ಸಂಸ್ಕೃತಕ್ಕೆ ಹೊಸದೇನಲ್ಲ. ಕದ್ದ ಮಾಲಿಗೆ ಅಮರಕೋಶ ಕೊಡುವ ಹೆಸರು ‘ಲೋಪ್ತ್ರ’. ‘ಲೋಪ’ವೂ ಇದೇ ಧಾತುವಿನದು. ಅಂದರೆ ‘ಊರು + ಅಲ್ಲಿ = ಊರಲ್ಲಿ, ಲೋಪಸಂಧಿ’ ಎಂದು ಶಾಲೆಯಲ್ಲಿ ಒಪ್ಪಿಸುತ್ತಿದ್ದಾಗ ನಾವೆಲ್ಲ ಒಂದು ಉಕಾರದ ಕಳವಿಗೆ ಸಾಕ್ಷಿ ನುಡಿಯುತ್ತಿದ್ದೆವು.

ಬಳಕೆಯ ವಿಷಯ. ‘ಬಿರೀವ್’ ಕ್ರಿಯಾಪದಕ್ಕೆ ಎರಡು ಭೂತರೂಪಗಳಿವೆ, ಅವು ಅಣ್ಣತಮ್ಮಂದಿರಂತೆ ಆಸ್ತಿ ಹಂಚಿಕೊಂಡಿವೆ. ಸಾವಾದ ಮನೆಯವರು ‘ಬಿರೀವ್ಡ್’. ಭರವಸೆಯೋ ಮಾತೋ ಬರಿದಾದರೆ ‘ಬಿರೆಫ್ಟ್’. ಹೋದದ್ದು ಏನೆಂದು ಹೇಳಲು ‘ಆಫ್’ (of) ಜೊತೆಗಿರಬೇಕು. ಏನೆಂದು ಹೇಳದೆ ಬರಿಯ ‘ಬಿರೆಫ್ಟ್’ ಎಂದು ನಿಲ್ಲಿಸಿದರೆ ಒಳಗೆಲ್ಲ ಖಾಲಿಯಾದಂಥ ದುಃಖ. ಬಸ್ಸಿನಲ್ಲಿ ಪರ್ಸು ಕಳೆದುಕೊಂಡವನಿಗೆ ಮಾತ್ರ ಇವೆರಡೂ ಸಲ್ಲುವುದಿಲ್ಲ. ನಿಜವಾದ ಕಳ್ಳತನವೇ ಪದದ ಕೈಬಿಟ್ಟಿದೆ.

ಕನ್ನಡದಲ್ಲಿ ‘ತಂದೆಯನ್ನು ಕಳೆದುಕೊಂಡರು’ ಎನ್ನುತ್ತೇವೆ. ಆ ‘ಕೊಂಡರು’ ನನಗೆ ಯಾವಾಗಲೂ ಚುಚ್ಚುತ್ತದೆ. ಪಾಪ, ಅವರೇ ಎಲ್ಲೋ ಇಟ್ಟು ಮರೆತರೇನೋ ಎಂಬಂತೆ. ‘ಬಿರೀವ್ಡ್’ಗೆ ಸರಿಜೋಡಿ ಬೇಕಾದರೆ ಪತ್ರಿಕೆಯ ಶ್ರದ್ಧಾಂಜಲಿ ಪುಟ ತೆರೆಯಬೇಕು. ಮಾಸಿದ ಭಾವಚಿತ್ರದ ಕೆಳಗೆ, ಎಲ್ಲರೂ ಬರೆಸುವ ಅದೇ ಸಾಲು: ‘ಕ್ರೂರ ವಿಧಿ ನಿಮ್ಮನ್ನು ನಮ್ಮಿಂದ ಕಸಿದುಕೊಂಡಿತು.’