ನ್ಯಾಚೆಜ್ ದಾರಿಗಳ್ಳರು ಶ್ರೀಮಂತರನ್ನ ಮಾತ್ರ ದೋಚ್ತಿದ್ರಾ?

ಮತ್ತೆ ಅದೇ ಪ್ರಶ್ನೆ ಬಂದಿದೆ. "ಸಾರ್, ಹಳೇ ಅಮೆರಿಕದ ಕಾಡುದಾರಿ ದರೋಡೆಕೋರರು ಇದ್ದೋರಿಂದ ಕಿತ್ಕೊಂಡು ಇಲ್ಲದೋರಿಗೆ ಹಂಚ್ತಿದ್ರಂತೆ, ಹೌದಾ?" ಇಲ್ಲ. ಎಷ್ಟು ಸಲ ಇಲ್ಲ ಅಂದಿದೀನೋ ಲೆಕ್ಕ ಇಲ್ಲ, ಈ ಸಲ ಯಾಕೆ ಅಂತಾನೂ ಬಿಡಿಸಿ ಹೇಳ್ತೀನಿ.

ನ್ಯಾಚೆಜ್ ಟ್ರೇಸ್ ಮಿಸಿಸಿಪ್ಪಿ ದಡದ ನ್ಯಾಚೆಜ್‌ನಿಂದ ನ್ಯಾಶ್‌ವಿಲ್‌ಗೆ ಹೋಗೋ ಸುಮಾರು 700 ಕಿಲೋಮೀಟರ್ ಕಾಡುದಾರಿ, ಆಗ ಅಲ್ಲಿನ ಮೂಲನಿವಾಸಿಗಳಾದ ಚಾಕ್ಟಾ, ಚಿಕಸಾ ಜನರ ನಾಡಿನ ಮಧ್ಯೆ ಹಾಯ್ದು ಹೋಗ್ತಿತ್ತು. 1800ರ ಆಸುಪಾಸಲ್ಲಿ ಅಲ್ಲಿ ನಡೀತಿದ್ದೋರು ಯಾರು ಅಂತ ಮೊದಲು ನೋಡಿ. ಕೆಂಟಕಿ ಕಡೆ ರೈತರು, ಕೂಲಿಯವರು. ಹಿಟ್ಟು, ಹಂದಿಮಾಂಸ, ಹೊಗೆಸೊಪ್ಪು, ವಿಸ್ಕಿ ಚಪ್ಪಟೆ ದೋಣಿಗೆ ತುಂಬಿ ಹೊಳೆ ಹರಿದ ಕಡೆ ತೇಲ್ಕೊಂಡು ಬಂದು ನ್ಯಾಚೆಜಲ್ಲೋ ನ್ಯೂ ಆರ್ಲಿಯನ್ಸಲ್ಲೋ ಮಾರೋರು, ಆ ದೋಣಿನ ಪ್ರವಾಹಕ್ಕೆದುರಾಗಿ ಒಯ್ಯೋಕಾಗಲ್ಲ ಅಂತ ಅದನ್ನೂ ಮರದ ರೇಟಿಗೆ ಮಾರಿ ಬೆಳ್ಳಿ ನಾಣ್ಯ ಕಟ್ಕೊಂಡು ಊರಿಗೆ ನಡ್ಕೊಂಡೇ ಹೊರಡೋರು. ದೊಡ್ಡ ವರ್ತಕನಿಗೆ ಬೇಕಿದ್ರೆ ಸಮುದ್ರದ ಹಡಗಿತ್ತು. ಕಾಡಲ್ಲಿ ಕಳ್ಳನ ಕೈಗೆ ಸಿಗ್ತಿದ್ದೋನು ವರ್ಷದ ಬೆಳೆ ದುಡ್ಡು ಹೊತ್ತವನು, ದಯವಿಟ್ಟು ಇದೊಂದನ್ನ ನೆನಪಿಟ್ಕೊಳ್ಳಿ.

ಜನ ಹೀರೋ ಮಾಡೋ ಸ್ಯಾಮ್ಯುಯೆಲ್ ಮೇಸನ್ನನ್ನೇ ತಗೊಳ್ಳಿ. ಬ್ರಿಟಿಷರ ವಿರುದ್ಧ ನಡೆದ ಅಮೆರಿಕದ ಕ್ರಾಂತಿ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು, ಆಮೇಲೆ ಒಹಾಯೋ ನದಿಯ ಕೇವ್-ಇನ್-ರಾಕ್ ಗುಹೇಲಿ ಕೂತು ದೋಣಿ ದೋಚಿದ, ಅಲ್ಲಿಂದ ಈ ದಾರಿಗೆ ಬಂದ. ಆಗ ಮಿಸಿಸಿಪ್ಪಿ ನದಿಯ ಆಚೆ ದಡ ಸ್ಪೇನಿನದು, ಈಚೆ ದಡ ಅಮೆರಿಕದ್ದು, ಈಚೆ ದೋಚಿ ಆಚೆ ದಾಟಿದ್ರೆ ಹಿಡಿಯೋರೇ ಇಲ್ಲ. 1803ರಲ್ಲಿ ಸ್ಪೇನಿನವರು ಹಿಡಿದಾಗ ತಾನು ಪ್ರಾಮಾಣಿಕ ರೈತ ಅಂದ, ಸಾಮಾನಲ್ಲಿ ಸುಮಾರು 7,000 ಡಾಲರ್ ಸಿಕ್ತು. ಬಡವರಿಗೆ ಹಂಚಿದವನ ಗಂಟಲ್ಲಿ ಅಷ್ಟು ದುಡ್ಡು ಉಳಿಯುತ್ತಾ? ಕಾವಲಿನಿಂದ ತಪ್ಪಿಸ್ಕೊಂಡ, ಸ್ವಲ್ಪ ದಿನಕ್ಕೆ ಅವನ ಗುಂಪಿನೋರೇ ಇಬ್ಬರು ಇದು ಮೇಸನ್ ತಲೆ ಅಂತ ತಂದು ಬಹುಮಾನ ಕೇಳಿದ್ರು! ಅವರಲ್ಲೊಬ್ಬ ಬೇರೆ ಹೆಸರಿಟ್ಕೊಂಡಿದ್ದ ಕೊಲೆಗಾರ ವೈಲಿ ಹಾರ್ಪ್ ಅಂತ ಗುರುತು ಸಿಕ್ಕಿ 1804ರಲ್ಲಿ ಇಬ್ಬರನ್ನೂ ಗಲ್ಲಿಗೇರಿಸಿದ್ರು. ತಮ್ಮ ನಾಯಕನನ್ನೇ ಬಹುಮಾನಕ್ಕೆ ಮಾರಿದೋರು ಬಡವರಿಗೆ ಕೊಡ್ತಿದ್ರು ಅಂತ ನಂಬೋದು ಹೇಗೆ ಹೇಳಿ.

ಇದನ್ನ ಯಾರೂ ಕೇಳಲ್ಲ, ಆದ್ರೆ ನಂಗೆ ಇಷ್ಟವಾದ ಭಾಗ ಇದೇ: ಆ ದಾರಿ ಖಾಲಿಯಾಗಿದ್ದು ಹೇಗೆ? ಪೊಲೀಸು, ಗಲ್ಲು ಅಷ್ಟರಿಂದಲೇ ಅಲ್ಲ. 1811ರ ಕೊನೇಲಿ ನ್ಯೂ ಆರ್ಲಿಯನ್ಸ್ ಅನ್ನೋ ಸ್ಟೀಮ್‌ಬೋಟು ಪಿಟ್ಸ್‌ಬರ್ಗಿಂದ ಹೊರಟು 1812ರ ಜನವರೀಲಿ ಅದೇ ಹೆಸರಿನ ಊರು ಮುಟ್ತು. ಕೆಲವೇ ವರ್ಷಕ್ಕೆ ಇಂಥ ಬೋಟುಗಳು ಪ್ರವಾಹಕ್ಕೆದುರಾಗಿ ಮೇಲಿನ ಊರುಗಳವರೆಗೂ ಹೋಗೋಕೆ ಶುರು ಮಾಡಿದ್ವು, ರೈತ ದುಡ್ಡಿನ ಜೊತೆ ಬೋಟಿನ ಮೇಲೇ ಮನೆಗೆ ಹೊರಟ, ಕಾಡಲ್ಲಿ ದೋಚೋಕೆ ಯಾರಿದಾರೆ? ಮಿಸಿಸಿಪ್ಪಿ ರಾಜ್ಯದ ಪೋರ್ಟ್ ಗಿಬ್ಸನ್ ಊರಿನ ಹತ್ರ ಆ ದಾರಿಯ ಒಂದು ತುಂಡು ಈಗ್ಲೂ ಇದೆ, ಕಾಲು, ಗೊರಸು, ಗಾಡಿ ಸವೆಸಿ ಸವೆಸಿ ಮಣ್ಣು ಇಳಿದು ಎರಡೂ ಕಡೆ ದಂಡೆ ಆಳೆತ್ತರ ದಾಟಿ ನಿಂತಿದೆ.