ಮುಖ ಕೈಕೊಟ್ಟ ಚೇಳು ರಾಜ: ‘ದಿ ಮಮ್ಮಿ ರಿಟರ್ನ್ಸ್’ ಹಿಂದಿನ ಕಥೆ

2001ರ ಮೇ 4ರಂದು ಅಮೆರಿಕದಲ್ಲಿ ತೆರೆಕಂಡ ‘ದಿ ಮಮ್ಮಿ ರಿಟರ್ನ್ಸ್’ ಮೊದಲ ವಾರಾಂತ್ಯದಲ್ಲೇ 6.8 ಕೋಟಿ ಡಾಲರ್ ಬಾಚಿಕೊಂಡಿತು. ಜಗತ್ತಿನಾದ್ಯಂತ ಅದರ ಗಳಿಕೆ 43 ಕೋಟಿ ದಾಟಿತು. ಇಷ್ಟು ದುಡಿದ ಚಿತ್ರವನ್ನು ಜನ ಇವತ್ತು ನೆನೆಯುವುದು ಮಾತ್ರ ಕೊನೆಯ ಕೆಲವು ನಿಮಿಷಗಳಿಗಾಗಿ, ಅದೂ ನಗುವುದಕ್ಕೆ. ಸೊಂಟದಿಂದ ಮೇಲೆ ಮನುಷ್ಯ, ಕೆಳಗೆ ಆನೆಗಾತ್ರದ ಚೇಳು. ಮುಖ ನಟ ಡ್ವೇನ್ ಜಾನ್ಸನ್ ಅವರದ್ದು. ಆದರೆ ಆ ಚರ್ಮ ಮೇಣದಂತೆ ಹೊಳೆಯುತ್ತದೆ, ಕಣ್ಣಲ್ಲಿ ಜೀವವಿಲ್ಲ. ಕೆಟ್ಟ ಗ್ರಾಫಿಕ್ಸ್ ಎಂಬ ಮಾತು ಬಂದಲ್ಲೆಲ್ಲ ಈ ದೃಶ್ಯ ಹಾಜರ್. ಇದನ್ನು ಮಾಡಿದ್ದು ಯಾವುದೋ ಸಣ್ಣ ಸ್ಟುಡಿಯೊ ಆಗಿದ್ದರೆ ಮಾತು ಬೇರೆ. ‘ಜುರಾಸಿಕ್ ಪಾರ್ಕ್’ನ ಡೈನೊಸಾರ್‌ಗಳನ್ನು ಓಡಾಡಿಸಿದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯ ಕೆಲಸವಿದು.

ಮಮ್ಮಿಯನ್ನು ತೆರೆಯ ಮೇಲೆ ತೋರಿಸುವ ಕಷ್ಟ ಇದಕ್ಕಿಂತ ತುಂಬ ಹಳೆಯದು. 1922ರ ನವೆಂಬರ್‌ನಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ಈಜಿಪ್ಟಿನ ರಾಜ ಟುಟಂಖಾಮುನ್‌ನ ಗೋರಿಯನ್ನು ಪತ್ತೆ ಮಾಡಿದರು. ಅದಕ್ಕೆ ಹಣ ಹಾಕಿದ್ದ ಲಾರ್ಡ್ ಕಾರ್ನಾರ್ವನ್ ಮುಂದಿನ ಏಪ್ರಿಲ್‌ನಲ್ಲಿ ಕೈರೊದಲ್ಲಿ ತೀರಿಕೊಂಡರು. ಸೊಳ್ಳೆ ಕಚ್ಚಿದ ಗಾಯ ನಂಜೇರಿದ್ದು ಕಾರಣ; ಪತ್ರಿಕೆಗಳಿಗೆ ಬೇಕಾಗಿದ್ದು ಶಾಪ. ಆ ಗೋರಿಯ ಸುದ್ದಿ ಬರೆದ ವರದಿಗಾರರಲ್ಲಿ ಒಬ್ಬರಾದ ಜಾನ್ ಬಾಲ್ಡರ್ಸ್ಟನ್ ಅವರೇ ಹತ್ತು ವರ್ಷದ ಮೇಲೆ ಯೂನಿವರ್ಸಲ್‌ನ ‘ದಿ ಮಮ್ಮಿ’ಗೆ ಚಿತ್ರಕಥೆ ಬರೆದರು.

1932ರ ಆ ಚಿತ್ರದಲ್ಲಿ ಬೋರಿಸ್ ಕಾರ್ಲಾಫ್‌ಗೆ ಮಮ್ಮಿಯ ವೇಷ ಹಾಕಲು ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ಸುಮಾರು ಎಂಟು ಗಂಟೆ ತೆಗೆದುಕೊಂಡರು. ಅಷ್ಟು ಪಾಡುಪಟ್ಟು ಸುತ್ತಿದ ಬಟ್ಟೆಪಟ್ಟಿ ತೆರೆಯ ಮೇಲೆ ಇರುವುದು ಆರಂಭದ ಸ್ವಲ್ಪ ಹೊತ್ತು ಮಾತ್ರ. ಶವ ಎದ್ದು ನಡೆಯುವುದನ್ನು ನಿರ್ದೇಶಕ ಕಾರ್ಲ್ ಫ್ರಾಯಿಂಡ್ ತೋರಿಸುವುದೇ ಇಲ್ಲ. ಕಣ್ಣು ಒಂಚೂರು ತೆರೆಯುತ್ತದೆ, ಕೈ ಸರಿಯುತ್ತದೆ, ನೆಲದ ಮೇಲೆ ಬಟ್ಟೆಯ ತುದಿ ಎಳೆದುಕೊಂಡು ಹೋಗುತ್ತದೆ, ಅಷ್ಟೇ. ಮುಂದೆ ಇಡೀ ಚಿತ್ರವನ್ನು ಹೊರುವುದು ಕಾರ್ಲಾಫ್‌ನ ಸುಕ್ಕುಗಟ್ಟಿದ ಮುಖ. ನಲವತ್ತರ ದಶಕದ ಅಗ್ಗದ ಮುಂದುವರಿಕೆಗಳು, 1959ರಲ್ಲಿ ಕ್ರಿಸ್ಟೊಫರ್ ಲೀ ನಟಿಸಿದ ಬ್ರಿಟನ್ನಿನ ಹ್ಯಾಮರ್ ಚಿತ್ರ, ಇವೆಲ್ಲ ಮೇಕಪ್ ಹಾಕಿದ ನಟನ ಬಂಡವಾಳದ ಮೇಲೆಯೇ ನಡೆದವು.

ತೊಂಬತ್ತರ ದಶಕದಲ್ಲಿ ಯೂನಿವರ್ಸಲ್ ‘ದಿ ಮಮ್ಮಿ’ಯನ್ನು ಕಡಿಮೆ ಬಜೆಟ್‌ನ ಹಾರರ್ ಆಗಿ ಮತ್ತೆ ಮಾಡಲು ಹೊರಟು, ನಿರ್ದೇಶಕರನ್ನು ಒಬ್ಬರ ಮೇಲೊಬ್ಬರಂತೆ ಬದಲಿಸಿತು. ಕೊನೆಗೆ ಸ್ಟೀಫನ್ ಸೊಮ್ಮರ್ಸ್ ಬಂದು ಅದನ್ನು ಸಾಹಸ ಚಿತ್ರವಾಗಿ ತಿರುಗಿಸಿದರು. 8 ಕೋಟಿ ಡಾಲರ್ ಖರ್ಚಾಯಿತು, ಚಿತ್ರೀಕರಣ ಮೊರಾಕೊದಲ್ಲಿ ನಡೆಯಿತು. 1999ರಲ್ಲಿ ಬಂದ ಆ ಚಿತ್ರದ ಮಮ್ಮಿ ಇವತ್ತಿಗೂ ನೋಡುವ ಹಾಗಿದೆ. ನಟ ಆರ್ನಲ್ಡ್ ವಾಸ್ಲೂ ಅವರ ನಡಿಗೆಯನ್ನೇ ಸೆರೆಹಿಡಿದು ಅದರ ಮೇಲೆ ಎಲುಬು, ಹರಿದ ಸ್ನಾಯು ಹೊದಿಸಿದ್ದರು. ಕೊಳೆತ ಹೆಣ ಸ್ವಲ್ಪ ಅಸಹಜವಾಗಿ ಕಂಡರೂ ನಮಗೇನೂ ತಕರಾರಿಲ್ಲ. ನಿಜವಾದದ್ದು ಹೇಗಿರುತ್ತದೆಂದು ನೋಡಿದವರು ಯಾರು?

ಎರಡನೇ ಭಾಗಕ್ಕೆ ಎಲ್ಲವೂ ದೊಡ್ಡದಾಗಬೇಕಿತ್ತು. 9.8 ಕೋಟಿ ಬಜೆಟ್, ಲಂಡನ್ನಿನ ಡಬಲ್ ಡೆಕರ್ ಬಸ್ಸಿನ ಮೇಲೆ ಮಮ್ಮಿಗಳ ಹೊಡೆದಾಟ, ನರಿಮುಖದ ಅನುಬಿಸ್ ಸೈನ್ಯ, ಜೊತೆಗೆ ಚೇಳು ರಾಜನೆಂಬ ಹೊಸ ವಿಲನ್. ಆ ಪಾತ್ರಕ್ಕೆ ಬಂದವರು ಕುಸ್ತಿಯ ‘ದಿ ರಾಕ್’, ಅಂದರೆ ಇದೇ ಜಾನ್ಸನ್. ನಮ್ಮ ಹುಡುಗರಿಗೆ ಆಗ ಟ್ರಂಪ್ ಕಾರ್ಡುಗಳಿಂದಲೇ ಪರಿಚಯವಿದ್ದ ಹೆಸರು. ಮೊರಾಕೊದ ಬಿಸಿಲಲ್ಲಿ ಕಾಯಿಲೆ ಬಿದ್ದೇ ಅವರು ಆರಂಭದ ಯುದ್ಧದ ದೃಶ್ಯ ಮುಗಿಸಿದರು. ಕೊನೆಯ ಕಾಳಗದಲ್ಲಿ ಇರುವುದು ಅವರಲ್ಲ, ಕಂಪ್ಯೂಟರ್ ಕಡೆದ ಪ್ರತಿರೂಪ.

ಹೆಣವಲ್ಲ, ಜೀವಂತ ಮನುಷ್ಯನ ಮುಖ, ಕತ್ತಲಲ್ಲಲ್ಲ, ಬೆಳಕಿನಲ್ಲಿ, ದೂರದಿಂದಲ್ಲ, ಹತ್ತಿರದಿಂದ. ಚರ್ಮದ ಮೇಲೆ ಬಿದ್ದ ಬೆಳಕು ಪೂರ್ತಿ ಅಲ್ಲೇ ಪ್ರತಿಫಲಿಸುವುದಿಲ್ಲ. ಒಂದಿಷ್ಟು ಒಳಹೊಕ್ಕು, ಚದುರಿ, ಬೇರೆ ಕಡೆಯಿಂದ ಹೊರಬರುತ್ತದೆ. ಅದಿಲ್ಲದಿದ್ದರೆ ಮುಖ ಪ್ಲಾಸ್ಟಿಕ್. ಈ ಬೆಳಕನ್ನು ಕಂಪ್ಯೂಟರ್ ಹೆಚ್ಚು ಹೊತ್ತು ತೆಗೆದುಕೊಳ್ಳದೆ ಲೆಕ್ಕ ಹಾಕುವ ವಿಧಾನವನ್ನು ಹೆನ್ರಿಕ್ ವಾನ್ ಯೆನ್ಸನ್ ಮತ್ತು ಸಂಗಡಿಗರು ಮಂಡಿಸಿದ್ದು 2001ರ ಆಗಸ್ಟ್‌ನಲ್ಲಿ, ಚಿತ್ರ ಬಿಡುಗಡೆಯಾಗಿ ಮೂರು ತಿಂಗಳಾದ ಮೇಲೆ. 2002ರ ಡಿಸೆಂಬರ್‌ನಲ್ಲಿ ತೆರೆಗೆ ಬಂದ ‘ದಿ ಟೂ ಟವರ್ಸ್’ ಚಿತ್ರದಲ್ಲಿ ಕಂಪ್ಯೂಟರ್ ಕಡೆದ ಪಾತ್ರವಾದ ಗೊಲ್ಲಮ್‌ನ ಚರ್ಮಕ್ಕೆ ಈ ಬಗೆಯ ಲೆಕ್ಕಾಚಾರ ದಕ್ಕಿತ್ತು. ಆದರೂ ಎಲ್ಲವನ್ನೂ ತಂತ್ರಜ್ಞಾನದ ತಲೆಗೆ ಕಟ್ಟುವುದು ಸರಿಯಲ್ಲ. ಇದೇ ಕ್ಲೈಮ್ಯಾಕ್ಸ್‌ನಲ್ಲಿ, ಪ್ರಪಾತದ ಅಂಚಿಗೆ ಜೋತುಬಿದ್ದ ಇಮ್ಹೋಟೆಪ್‌ನನ್ನು (ವಾಸ್ಲೂ ಮಾಡಿದ ಮಮ್ಮಿಯ ಹೆಸರು ಅದು) ಅವನು ಸಾವಿರಾರು ವರ್ಷ ಕಾದ ಪ್ರೇಯಸಿ ಬಿಟ್ಟು ಓಡುತ್ತಾಳೆ. ಆಗ ವಾಸ್ಲೂ ಅವರ ಮುಖದಲ್ಲಿ ಕಾಣುವ ನೋವು, ನನ್ನ ಪ್ರಕಾರ, ಇಡೀ ಚಿತ್ರದ ಅತಿ ದೊಡ್ಡ ಸ್ಪೆಷಲ್ ಎಫೆಕ್ಟ್. ಅದಕ್ಕೆ ಗ್ರಾಫಿಕ್ಸ್ ಬೇಕಾಗಲಿಲ್ಲ.

ಇತಿಹಾಸದ ವಿಷಯಕ್ಕೆ ಬಂದರೆ, ಇಮ್ಹೋಟೆಪ್‌ಗೆ ಆದಷ್ಟು ಅನ್ಯಾಯ ಬೇರೆ ಯಾರಿಗೂ ಆಗಿಲ್ಲ. ಅಸಲಿ ಇಮ್ಹೋಟೆಪ್ ಕ್ರಿ.ಪೂ. 2650ರ ಸುಮಾರಿಗೆ ಜೋಸರ್ ರಾಜನ ಮಂತ್ರಿ. ಸಕ್ಕಾರಾದ ಮೆಟ್ಟಿಲು ಪಿರಮಿಡ್ ಕಟ್ಟಿಸಿದ ಕೀರ್ತಿ ಅವನದು. ಮುಂದೆ ಜನ ಅವನನ್ನು ವೈದ್ಯದೇವರೆಂದು ಪೂಜಿಸಿದರು. ಸಿನಿಮಾ ಅವನನ್ನು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷ ಈಚೆಗೆ ಎಳೆದು, ಸೇಟಿ ರಾಜನ ಅಂತಃಪುರಕ್ಕೆ ಕಣ್ಣು ಹಾಕಿದ ಪುರೋಹಿತನನ್ನಾಗಿ ಮಾಡಿತು. ಮನುಷ್ಯರನ್ನು ತಿನ್ನುವ ಸ್ಕೆರಬ್ ಹುಳುಗಳಂತೂ ವಾಸ್ತವದಲ್ಲಿ ಸಗಣಿ ಉಂಡೆ ಉರುಳಿಸುವ ಬಡಪಾಯಿಗಳು. ಈಜಿಪ್ಟಿನವರಿಗೆ ಅವು ಮರುಹುಟ್ಟಿನ ಗುರುತು. ಚೇಳು ರಾಜ ಮಾತ್ರ ಪೂರ್ತಿ ಕಟ್ಟುಕಥೆಯಲ್ಲ. ಆ ಹೆಸರಿನ ಅರಸನೊಬ್ಬ ಕ್ರಿ.ಪೂ. 3100ರ ಆಸುಪಾಸಿನಲ್ಲಿ ಇದ್ದ. ಹೈರಾಕಾನ್‌ಪೊಲಿಸ್‌ನಲ್ಲಿ ಸಿಕ್ಕ ಗದೆಯ ತಲೆಯೊಂದು ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿದೆ. ಅದರ ಮೇಲಿನ ಕೆತ್ತನೆಯಲ್ಲಿ ಅವನು ಹಿಡಿದಿರುವುದು ಖಡ್ಗವಲ್ಲ, ಗುದ್ದಲಿ.

ನಗೆಪಾಟಲಾದ ಆ ದೃಶ್ಯದಿಂದ ಜಾನ್ಸನ್‌ಗೆ ನಷ್ಟವೇನೂ ಆಗಲಿಲ್ಲ. 2002ರ ‘ದಿ ಸ್ಕಾರ್ಪಿಯನ್ ಕಿಂಗ್’ಗೆ ನಾಯಕನಾಗಿ ಅವರು ಪಡೆದದ್ದು 55 ಲಕ್ಷ ಡಾಲರ್, ಮೊದಲ ಬಾರಿ ನಾಯಕನಾದವನಿಗೆ ಅದು ದಾಖಲೆ. 2008ರ ಮೂರನೇ ಭಾಗ ಈಜಿಪ್ಟ್ ಬಿಟ್ಟು ಚೀನಾಕ್ಕೆ ಹೋಯಿತು. ಮೊದಲೆರಡು ಭಾಗಗಳ ನಾಯಕಿ ರೇಚಲ್ ವೈಸ್ ಅದರಲ್ಲಿ ಇರಲಿಲ್ಲ. 2017ರಲ್ಲಿ ಟಾಮ್ ಕ್ರೂಸ್‌ರನ್ನು ಹಾಕಿಕೊಂಡು ಯೂನಿವರ್ಸಲ್ ಮತ್ತೆ ‘ದಿ ಮಮ್ಮಿ’ ಮಾಡಿತು. ತನ್ನ ಹಳೆಯ ರಾಕ್ಷಸರನ್ನೆಲ್ಲ ಒಂದೇ ಸರಣಿಗೆ ಪೋಣಿಸುವ ಯೋಜನೆಗೆ ಅದು ಮೊದಲ ಚಿತ್ರವಾಗಬೇಕಿತ್ತು. ಚಿತ್ರ ಸೋತಿತು, ಸರಣಿಯನ್ನು ಸ್ಟುಡಿಯೊ ಅಲ್ಲಿಗೇ ಕೈಬಿಟ್ಟಿತು.